ಎರಡರೊಳಗೆ ಮೂರು, ಮೂರರೊಳಗೆ ಎರಡು

(ಡಿಸೆಂಬರ್ 22ರ ಗಣಿತ ದಿನದಂದು ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಒಗಟಿನಿಂದಲೇ ಶುರು ಮಾಡುತ್ತೇನೆ. ನಾವಿಬ್ಬರು ಅಕ್ಕಪಕ್ಕದ ಮನೆಯವರು. ನನ್ನ ಹೆಸರು ಎಷ್ಟೆಂದು ಹೇಳುತ್ತದೋ ಅಷ್ಟು ಮಂದಿ ಅವನ ಮನೆಯಲ್ಲಿದ್ದಾರೆ. ಅವನ ಹೆಸರು ಎಷ್ಟೆಂದು ಹೇಳುತ್ತದೋ ಅಷ್ಟು ಮಂದಿ ನನ್ನ ಮನೆಯಲ್ಲಿದ್ದಾರೆ. ನಾವು ಯಾರು?

ಹಿಂದಿನ ಬೆಂಚಿನಿಂದ ಯಾರೋ ‘ಆರು, ಒಂಬತ್ತು’ ಎಂದಿರಿ. ಕನ್ನಡ ಅಂಕಿಯಲ್ಲಿ ಬರೆದರೆ ೬ ಮತ್ತು ೯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ನಿಜ. ದೂರದಿಂದ ಬಸ್ಸಿನ ಬೋರ್ಡು ಓದುವಾಗ ನಾನೂ ಮೋಸ ಹೋಗಿದ್ದೇನೆ. ಆದರೆ ಉತ್ತರ ಅದಲ್ಲ. ಪುಸ್ತಕ ತೆಗೆದು ‘ಎರಡು’ ಎಂದು ಬರೆಯಿರಿ. ಎ, ರ, ಡು. ಎಷ್ಟು ಅಕ್ಷರ? ಮೂರು. ಅದರ ಕೆಳಗೆ ‘ಮೂರು’ ಎಂದು ಬರೆಯಿರಿ. ಮೂ, ರು. ಎಷ್ಟು? ಎರಡು. ಎರಡರ ಮನೆಯಲ್ಲಿ ಮೂವರು, ಮೂರರ ಮನೆಯಲ್ಲಿ ಇಬ್ಬರು.

ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಪದಗಳಿವು. ಹಾಗಿದ್ದೂ ಇದು ನನ್ನ ಕಣ್ಣಿಗೆ ಬಿದ್ದದ್ದು ಮೂವತ್ತು ವರ್ಷ ಪಾಠ ಮಾಡಿದ ಮೇಲೆ. ಒಂದು ಮಧ್ಯಾಹ್ನ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಕುಳಿತಿದ್ದೆ. ಮೇಲ್ವಿಚಾರಕರು ಏನನ್ನೂ ಓದುವಂತಿಲ್ಲ, ಬರೆಯುವಂತಿಲ್ಲ, ನಿದ್ದೆಯಂತೂ ಮಾಡುವಂತಿಲ್ಲ. ಗೋಡೆಯ ಮೇಲೆ ಚಿಕ್ಕ ಮಕ್ಕಳಿಗಾಗಿ ಅಂಕಿಗಳ ಪಟ್ಟಿ ತೂಗುಹಾಕಿದ್ದರು. ಮೂರು ಗಂಟೆ ಅದನ್ನೇ ನೋಡಿದ್ದರಿಂದ ಬಂದ ಜ್ಞಾನ ಇದು.

ಈಗ ಆಟಕ್ಕೆ ಒಂದು ನಿಯಮ ಹಾಕೋಣ. ಒಂದು ಸಂಖ್ಯೆ ತೆಗೆದುಕೊಳ್ಳಿ, ಅದನ್ನು ಕನ್ನಡದಲ್ಲಿ ಬರೆಯಿರಿ, ಅಕ್ಷರ ಎಣಿಸಿ. ಒತ್ತಕ್ಷರವನ್ನೂ ಸೊನ್ನೆಯನ್ನೂ ಬೇರೆಯಾಗಿ ಎಣಿಸಬೇಡಿ, ಅವು ತಮ್ಮ ಅಕ್ಷರದ ಜೊತೆಗೇ ಇರಲಿ. ಎಷ್ಟು ಬಂತೋ ಆ ಸಂಖ್ಯೆಯನ್ನು ಮತ್ತೆ ಬರೆಯಿರಿ, ಮತ್ತೆ ಎಣಿಸಿ. ಇವತ್ತು ರಾಮಾನುಜನ್ ಹುಟ್ಟಿದ ದಿನ. ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಲು ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ನಂಬರು ಎಂದು ಭಾಷಣ ಮಾಡುವವರೆಲ್ಲ ತಪ್ಪದೆ ಎತ್ತುವ 1729 ಇದೆಯಲ್ಲ, ಅದನ್ನೇ ಹಿಡಿಯೋಣ. ‘ಸಾವಿರದ’ ನಾಲ್ಕು, ‘ಏಳುನೂರ’ ನಾಲ್ಕು, ‘ಇಪ್ಪತ್ತೊಂಬತ್ತು’ ಐದು. ಒಟ್ಟು ಹದಿಮೂರು. ‘ಹದಿಮೂರು’ ಎಂಬಲ್ಲಿ ನಾಲ್ಕು ಅಕ್ಷರ. ‘ನಾಲ್ಕು’ ಎಂಬಲ್ಲಿ ಎರಡು. ‘ಎರಡು’ ಎಂಬಲ್ಲಿ ಮೂರು. ‘ಮೂರು’ ಎಂಬಲ್ಲಿ ಎರಡು. ಇನ್ನು ಆಚೆಗೆ ಹೋಗುವಂತಿಲ್ಲ. ಎರಡು, ಮೂರು, ಎರಡು, ಮೂರು ಎಂದು ಗಡಿಯಾರದ ಲೋಲಕದ ಹಾಗೆ ತೂಗುತ್ತಲೇ ಇರಬೇಕು.

ನಿಮ್ಮ ಮನೆಯ ನಂಬರು, ಅಜ್ಜಿಯ ವಯಸ್ಸು, ಕಳೆದ ಪರೀಕ್ಷೆಯ ಅಂಕ, ಏನು ಬೇಕಾದರೂ ಹಾಕಿ ನೋಡಿ. ಎಲ್ಲ ದಾರಿಯೂ ಇದೇ ಉಯ್ಯಾಲೆಗೆ ಬರುತ್ತದೆ. ಇಂಗ್ಲಿಷಿನಲ್ಲೂ ಈ ಆಟ ಪ್ರಸಿದ್ಧ. ಅಲ್ಲಿ ‘ಫೋರ್’ ಎಂಬ ಪದಕ್ಕೆ ನಾಲ್ಕೇ ಅಕ್ಷರ, ಹಾಗಾಗಿ ಎಲ್ಲ ಸಂಖ್ಯೆಗಳೂ ಅಲ್ಲಿಗೆ ಬಂದು ತೆಪ್ಪಗೆ ಕುಳಿತುಬಿಡುತ್ತವೆ. ಕನ್ನಡದಲ್ಲಿ ತನ್ನನ್ನು ತಾನೇ ಸರಿಯಾಗಿ ಎಣಿಸಿಕೊಳ್ಳುವ ಸಂಖ್ಯೆ ಒಂದೂ ಇಲ್ಲ. ನನಗೆ ಕನ್ನಡದ್ದೇ ಹೆಚ್ಚು ಇಷ್ಟ. ಅಭಿಮಾನಕ್ಕೆ ಹೇಳುತ್ತಿಲ್ಲ, ನಿಂತ ನೀರಿಗಿಂತ ತೂಗುವ ತೊಟ್ಟಿಲು ನೋಡಲು ಚಂದ.

‘ಎಲ್ಲ ಸಂಖ್ಯೆಗಳೂ’ ಎಂದೆ. ನೀವು ತಕ್ಷಣ ಕೈ ಎತ್ತಿ ‘ಹೇಗೆ ಗೊತ್ತು’ ಎಂದು ಕೇಳಬೇಕಿತ್ತು. ನೂರು ಉದಾಹರಣೆ ಕೊಟ್ಟರೂ ನೂರೊಂದನೆಯದು ಕೈಕೊಡಬಹುದು. ಕಾರಣ ಹೀಗಿದೆ. ನಾಲ್ಕರಿಂದ ಹತ್ತರವರೆಗೆ ನೋಡಿದರೆ, ಒಂಬತ್ತಕ್ಕೆ ಮೂರು ಅಕ್ಷರ, ಉಳಿದವಕ್ಕೆಲ್ಲ ಎರಡು. ಅಂದರೆ ಪದದಲ್ಲಿರುವ ಅಕ್ಷರಗಳು ಸಂಖ್ಯೆಗಿಂತ ಕಡಿಮೆ. ಮುಂದೆ ಹೋದಂತೆ ಸಂಖ್ಯೆ ಹತ್ತು ಪಟ್ಟು ಬೆಳೆದರೂ ಪದ ನಾಲ್ಕೈದು ಅಕ್ಷರ ಬೆಳೆಯುತ್ತದೆ, ಅಷ್ಟೇ. ಹಾಗಾಗಿ ನಾಲ್ಕು ಮತ್ತು ಅದಕ್ಕಿಂತ ದೊಡ್ಡ ಯಾವ ಸಂಖ್ಯೆಯೂ ಒಂದೊಂದು ಹೆಜ್ಜೆಗೆ ಕೆಳಗಿಳಿಯಲೇಬೇಕು. ಇಳಿದು ಇಳಿದು ನಾಲ್ಕರ ಕೆಳಗೆ ಬಂದರೆ ಉಳಿದಿರುವುದು ಒಂದು, ಎರಡು, ಮೂರು. ಒಂದು ಎರಡಕ್ಕೆ ಹೋಗುತ್ತದೆ. ಮುಗಿಯಿತು.

ಇಂಥದ್ದೇ ಗುಂಡಿಯೊಂದನ್ನು ಬರೀ ಅಂಕಿಗಳಲ್ಲಿ ಕಂಡವರು ನಾಸಿಕದ ಹತ್ತಿರದ ದೇವಳಾಲಿಯ ಶಾಲಾ ಶಿಕ್ಷಕ ದ.ರಾ. ಕಾಪ್ರೇಕರ್. ನನ್ನ ಹಾಗೆ ಮೇಷ್ಟ್ರು, ಆದರೆ ಗೋಡೆ ನೋಡುವುದಕ್ಕಿಂತ ಒಳ್ಳೆಯ ಹವ್ಯಾಸವಿತ್ತು. ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ಕನ್ನಡನಾಡು ಒಂದಾದ 1956 ಹಿಡಿಯೋಣ. 9651ರಲ್ಲಿ 1569 ಕಳೆದರೆ 8082. 8820ರಲ್ಲಿ 0288 ಕಳೆದರೆ 8532. 8532ರಲ್ಲಿ 2358 ಕಳೆದರೆ 6174. ಇನ್ನು 7641ರಲ್ಲಿ 1467 ಕಳೆದರೂ 6174. ಯಾವ ಸಂಖ್ಯೆಯೇ ಆಗಲಿ, ಏಳು ಹೆಜ್ಜೆಯೊಳಗೆ ಇಲ್ಲಿಗೆ ಬಂದು ಬೀಳುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973 ಎರಡೇ ಹೆಜ್ಜೆಯಲ್ಲಿ ಬೀಳುತ್ತದೆ. ಇದರಲ್ಲಿ ದೈವಸಂಕೇತ ಹುಡುಕಲು ಹೋಗಬೇಡಿ, ಮೊಬೈಲಿನಲ್ಲಿ ಅಂಥವು ಬೇಕಾದಷ್ಟು ಬರುತ್ತವೆ. ನನಗೆ ಕುತೂಹಲ ಇರುವುದು ಬೇರೆ ಕಡೆ. ಎರಡಂಕಿಯ ಸಂಖ್ಯೆಗೆ ಇದೇ ಆಟ ಆಡಿದರೆ ನಿಲ್ಲುವ ಜಾಗವಿಲ್ಲ. 9, 81, 63, 27, 45, ಮತ್ತೆ 9 ಎಂದು ಸುತ್ತುತ್ತದೆ. ಕನ್ನಡದ ಎರಡು ಮೂರು ಸುತ್ತುವ ಹಾಗೆಯೇ.

ಇದನ್ನು ಹಿಂದೊಮ್ಮೆ ಒಂದು ಶಾಲೆಯಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತ. ‘ಸರ್, ವ್ಯಾಕರಣ ಪಾಠದಲ್ಲಿ “ಮೂ” ಒಂದು ಅಕ್ಷರ ಅಲ್ಲ, ಮ್ ಮತ್ತು ಊ ಸೇರಿ ಆದದ್ದು ಎನ್ನುತ್ತಾರೆ. ಬಿಡಿಸಿ ಎಣಿಸಬೇಕಲ್ಲವೇ?’ ಸರಿಯಾದ ಆಕ್ಷೇಪ. ಕಾಗುಣಿತ ಎಂಬ ಪದದಲ್ಲೇ ಗುಣಿತ ಕುಳಿತಿದೆ ನೋಡಿ. 34 ವ್ಯಂಜನಗಳಿಗೆ ಹದಿಮೂರು ಸ್ವರ, ಎರಡು ಯೋಗವಾಹ ಹಚ್ಚಿದರೆ 34 × 15, ಅಂದರೆ 510 ಗುಣಿತಾಕ್ಷರ. ನೀವು ಮೊದಲು ಕಲಿತ ಗುಣಾಕಾರ ಗಣಿತದ ಅವಧಿಯಲ್ಲಲ್ಲ, ಕನ್ನಡದ ಅವಧಿಯಲ್ಲಿ.

ಹಾಗಾದರೆ ಬಿಡಿಸಿಯೇ ಎಣಿಸೋಣ ಎಂದೆ. ಹಲಗೆಯ ಮೇಲೆ ಅವನ ಕೈಯಲ್ಲೇ ಬರೆಸಿದೆ. ಮೂರು: ಮ್, ಊ, ರ್, ಉ. ನಾಲ್ಕು ವರ್ಣ. ನಾಲ್ಕು: ನ್, ಆ, ಲ್, ಕ್, ಉ. ಐದು. ಐದು: ಐ, ದ್, ಉ. ಮೂರು. ಹುಡುಗ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟ. ಮೂರು ನಾಲ್ಕಕ್ಕೆ, ನಾಲ್ಕು ಐದಕ್ಕೆ, ಐದು ಮೂರಕ್ಕೆ. ಒಂದರಿಂದ ಹೊರಟರೂ (ಒ, ಸೊನ್ನೆ, ದ್, ಉ, ನಾಲ್ಕು) ಇದೇ ಸುತ್ತಿಗೆ ಬೀಳುತ್ತೀರಿ, ಹತ್ತರಿಂದ ಹೊರಟರೂ ಅಷ್ಟೇ. ಮೂರು, ನಾಲ್ಕು, ಐದು ಎಂದರೆ ನಿಮಗೆ ಏನು ನೆನಪಾಗಬೇಕು? ಹೌದು, ಲಂಬಕೋನ ತ್ರಿಭುಜ. ಒಂಬತ್ತು ಮತ್ತು ಹದಿನಾರು ಸೇರಿ ಇಪ್ಪತ್ತೈದು. ನೆಲ ಅಗೆಯುವ ಮುನ್ನ ಗಾರೆ ಮೇಸ್ತ್ರಿ ಮೂಲೆಗೆ ಗೂಟ ಹೊಡೆದು, ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು, ಅಡ್ಡಕ್ಕೆ ಐದಡಿ ಬರುತ್ತದೆಯೇ ಎಂದು ದಾರ ಹಿಡಿಯುತ್ತಾನಲ್ಲ, ಅದೇ ಮೂರು, ನಾಲ್ಕು, ಐದು.

ಮೂರು, ನಾಲ್ಕು, ಐದು ಕನ್ನಡದ ಮೇಷ್ಟ್ರಿಗೂ ಬೇಕಾದವು. ಮಾತ್ರಾಗಣ ಎಂದರೆ ಮೂರು, ನಾಲ್ಕು ಅಥವಾ ಐದು ಮಾತ್ರೆಯ ಗುಂಪು. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆ. ವಾರ್ಧಕದಲ್ಲಿ ಐದರ ನಡೆ. ಪ್ರಸ್ತಾರ ಹಾಕುವಾಗ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈಗ ಒಂದು ಪ್ರಶ್ನೆ. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ನಾಲ್ಕೂ ಲಘು, ಇದೊಂದು. ಒಂದು ಗುರು, ಎರಡು ಲಘು. ಗುರು ಮೊದಲು, ನಡುವೆ ಅಥವಾ ಕೊನೆಗೆ, ಹೀಗೆ ಮೂರು. ಎರಡೂ ಗುರು, ಇನ್ನೊಂದು. ಒಟ್ಟು ಐದು. ಮೂರು ಮಾತ್ರೆಗೆ ಎಣಿಸಿದರೆ ಮೂರು ಬಗೆ, ಎರಡು ಮಾತ್ರೆಗೆ ಎರಡು, ಒಂದಕ್ಕೆ ಒಂದು. ಐದು ಮಾತ್ರೆಗೆ? ಎಣಿಸದೆಯೇ ಹೇಳಬಹುದು. ಐದು ಮಾತ್ರೆಯ ಗಣದ ಕೊನೆಯಲ್ಲಿ ಲಘು ಇರಬೇಕು, ಇಲ್ಲವೇ ಗುರು ಇರಬೇಕು. ಲಘು ಇದ್ದರೆ ಅದರ ಹಿಂದೆ ನಾಲ್ಕು ಮಾತ್ರೆ, ಅದಕ್ಕೆ ಐದು ಬಗೆ. ಗುರು ಇದ್ದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಕೂಡಿದರೆ ಎಂಟು. 1, 2, 3, 5, 8, 13. ಇದನ್ನು ನೀವು ಫಿಬೊನಾಚಿ ಸರಣಿ ಎಂದು ಕಲಿತಿದ್ದೀರಿ. ಆತನ ಪುಸ್ತಕ ಬಂದದ್ದು 1202ರಲ್ಲಿ, ಅಲ್ಲಿ ಮೊಲಗಳ ಲೆಕ್ಕ. ಅದಕ್ಕೂ ಮುಂಚೆ ನಮ್ಮ ವಿರಹಾಂಕ, ಹೇಮಚಂದ್ರರು ಇದೇ ಸಂಖ್ಯೆಗಳನ್ನು ಛಂದಸ್ಸಿನ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವರಿಗೆ ಮೊಲ ಬೇಕಾಗಲಿಲ್ಲ, ಪದ್ಯ ಸಾಕಾಯಿತು.

ಷಟ್ಪದಿಯಲ್ಲಿ ಗಣದ ಮೊದಲಿಗೆ ಲಘು, ಅದಾದ ಕೂಡಲೇ ಗುರು ಬರಬಾರದು ಎಂಬ ಕಟ್ಟಳೆಯೂ ಇದೆ. ಆಗ ನಾಲ್ಕು ಮಾತ್ರೆಗೆ ಐದು ಬಗೆಯಲ್ಲಿ ಒಂದು ಹೋಗಿ ನಾಲ್ಕು ಉಳಿಯುತ್ತದೆ. ಮೂರಕ್ಕೂ ಐದಕ್ಕೂ ಎಷ್ಟು ಉಳಿಯುತ್ತವೆ ಎಂಬುದನ್ನು ಮನೆಗೆ ಹೋಗಿ ಎಣಿಸಿ.

ಪದ ಮತ್ತು ಸಂಖ್ಯೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಇನ್ನೊಂದು ಆಟ. ಹಲಗೆಯ ಮೇಲೆ ಬರೆಯುತ್ತೇನೆ, ಮತ್ತೆ ಮೊದಲಿನ ಹಾಗೆ ಅಕ್ಷರ ಎಣಿಸಿ, ಬಿಡಿಸಬೇಡಿ.

ಈ ಸಾಲಿನಲ್ಲಿ ಹದಿನೈದು ಅಕ್ಷರಗಳಿವೆ.

ಎಣಿಸಿದಿರಾ? ಸರಿಯಾಗಿ ಹದಿನೈದು. ನಾನು ಹೇಗೆ ಹುಡುಕಿದೆ? ಸಂಖ್ಯೆಯನ್ನು ಬಿಟ್ಟು ಉಳಿದವು ಹನ್ನೊಂದು ಅಕ್ಷರ. ಹನ್ನೆರಡರಿಂದ ಹತ್ತೊಂಬತ್ತರವರೆಗಿನ ಎಲ್ಲ ಪದಗಳಿಗೂ ನಾಲ್ಕು ನಾಲ್ಕೇ ಅಕ್ಷರ. ಹನ್ನೊಂದಕ್ಕೆ ನಾಲ್ಕು ಕೂಡಿಸಿದೆ, ಅಷ್ಟೇ. ನಡುವೆ ‘ಒಟ್ಟು’ ಸೇರಿಸಿದರೆ ಎರಡು ಹೆಚ್ಚು, ಆಗ ‘ಹದಿನೇಳು’ ಎಂದು ಬರೆದರೆ ಅದೂ ನಿಜ.

ಇಷ್ಟು ಸುಲಭವಾದರೆ ಮಜವೇನು? ಈಗ ಇದನ್ನು ತುಂಬಿಸಿ: ‘ಈ ಸಾಲಿನಲ್ಲಿ ಎಣಿಸಿದರೆ ____ ಅಕ್ಷರಗಳಿವೆ.’ ಖಾಲಿ ಜಾಗ ಬಿಟ್ಟು ಹದಿನಾರು ಅಕ್ಷರ. ನಾಲ್ಕು ಕೂಡಿಸಿ ಇಪ್ಪತ್ತು ಎನ್ನುತ್ತೀರಿ. ಬರೆಯಿರಿ. ‘ಇಪ್ಪತ್ತು’ ಎಂಬುದಕ್ಕೆ ಮೂರೇ ಅಕ್ಷರ, ಸಾಲಿನಲ್ಲಿ ಹತ್ತೊಂಬತ್ತಾಯಿತು. ಸರಿ, ಅಳಿಸಿ ‘ಹತ್ತೊಂಬತ್ತು’ ಎಂದು ಬರೆಯಿರಿ. ಅದಕ್ಕೆ ನಾಲ್ಕು ಅಕ್ಷರ, ಸಾಲಿನಲ್ಲಿ ಇಪ್ಪತ್ತಾಯಿತು! ಇಪ್ಪತ್ತು ಎಂದರೆ ಹತ್ತೊಂಬತ್ತು, ಹತ್ತೊಂಬತ್ತು ಎಂದರೆ ಇಪ್ಪತ್ತು. ಇಪ್ಪತ್ತೊಂದು ಎಂದರೂ ಇಪ್ಪತ್ತೇ. ಈ ಸಾಲಿಗೆ ನಿಜ ಹೇಳುವ ಯೋಗವಿಲ್ಲ. ಕೆಲವರು ‘ಅಕ್ಷರಗಳಿವೆ’ ತೆಗೆದು ‘ಅಕ್ಷರಗಳು ಇವೆ’ ಎಂದು ಬರೆಯುತ್ತೀರಿ, ಗೊತ್ತು. ಅದು ಲೆಕ್ಕ ಬಿಡಿಸುವುದಲ್ಲ, ಲೆಕ್ಕ ಕೊಟ್ಟವರನ್ನು ಬಗ್ಗಿಸುವುದು. ಆದರೂ ಮಾಡಿ. ಆಗ ಎಷ್ಟು ಬರುತ್ತದೆ ನೋಡಿ.

ನಡುವೆ ಸ್ವಲ್ಪ ಹಗುರ ಮಾಡಿಕೊಳ್ಳೋಣ. ಅಮ್ಮ ಬೆಳಿಗ್ಗೆ ‘ಏಳು, ಏಳಾಯಿತು’ ಎಂದು ಕೂಗುತ್ತಾಳೆ. ಕಂಡಕ್ಟರು ‘ಹತ್ತು, ಹತ್ತಕ್ಕೆ ಬಿಡುತ್ತದೆ’ ಎನ್ನುತ್ತಾನೆ. ಕರೆಂಟು ಹೋದ ಮನೆಯಲ್ಲಿ ಆರು ದೀಪಗಳೂ ಆರುತ್ತವೆ. ಒಂದೇ ವಾಕ್ಯದಲ್ಲಿ ಸಂಖ್ಯೆಯೂ ಕ್ರಿಯಾಪದವೂ ಒಂದೇ ಅಂಗಿ ತೊಟ್ಟು ಬರುತ್ತವೆ. ‘ಕಾಲು’ ಇನ್ನೂ ಸ್ವಾರಸ್ಯದ್ದು. ಹಸುವಿಗೆ ನಾಲ್ಕು ಕಾಲು, ಹಾಗಾಗಿ ನಾಲ್ಕರಲ್ಲಿ ಒಂದು ಪಾಲೂ ಕಾಲು. ಸಂಸ್ಕೃತದ ‘ಪಾದ’ಕ್ಕೂ ಇದೇ ಎರಡು ಅರ್ಥ. ಮೂರು ಕಾಲುಗಳು ಸೇರಿದರೆ ಮುಕ್ಕಾಲು. ಆದರೆ ‘ಮೂರೂಕಾಲು’ ಎಂದರೆ ಮೂರರ ಮೇಲೆ ಕಾಲು. ‘ಮುಕ್ಕಾಲು ಸೇರು ತಾ’ ಎಂದು ಅಜ್ಜಿ ಕಳುಹಿಸಿದ್ದನ್ನು ‘ಮೂರೂಕಾಲು’ ಎಂದು ಕೇಳಿಸಿಕೊಂಡು ಅಕ್ಕಿ ಹೊತ್ತು ತಂದವನು ನಾನು. ಎರಡೂವರೆ ಸೇರು ಹೆಚ್ಚುವರಿ ಬಂತು. ದಶಮಾಂಶ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟ ವಿದ್ಯಾರ್ಥಿಯನ್ನು ನಾನು ಎಂದೂ ಬೈದಿಲ್ಲ, ಕಾರಣ ಇದು.

ಅಕ್ಷರವನ್ನೇ ಅಂಕಿ ಮಾಡಿಬಿಟ್ಟ ಪದ್ಧತಿಯೂ ನಮ್ಮಲ್ಲಿದೆ, ಕಟಪಯಾದಿ. ಕ, ಟ, ಪ, ಯ ನಾಲ್ಕಕ್ಕೂ ಒಂದು. ಕ ವರ್ಗದಿಂದ ಝ ವರೆಗೆ ಒಂದರಿಂದ ಒಂಬತ್ತು, ಞ ಸೊನ್ನೆ. ಟ ದಿಂದ ಧ ವರೆಗೆ ಒಂದರಿಂದ ಒಂಬತ್ತು, ನ ಸೊನ್ನೆ. ಪ ದಿಂದ ಮ ವರೆಗೆ ಐದು, ಯ ದಿಂದ ಹ ವರೆಗೆ ಎಂಟು. ಸ್ವರ ಯಾವುದಿದ್ದರೂ ಲೆಕ್ಕಕ್ಕಿಲ್ಲ, ಒತ್ತಕ್ಷರ ಇದ್ದರೆ ಕೊನೆಯ ವ್ಯಂಜನ ಮಾತ್ರ ಎಣಿಸಬೇಕು. ಓದುವುದು ಬಲದಿಂದ ಎಡಕ್ಕೆ. ಸಂಗೀತ ಕಲಿಯುವವರು ಇದ್ದೀರಾ? ನೀವು ಸರಳೆ ವರಸೆ ಶುರು ಮಾಡಿದ ಮಾಯಾಮಾಳವಗೌಳ ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಎಷ್ಟನೆಯದು? ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಹಿಡಿಯಿರಿ. ಮ ಐದು, ಯ ಒಂದು; 51, ತಿರುಗಿಸಿದರೆ 15. ರಾಗದ ಹೆಸರಿನಲ್ಲೇ ಅದರ ವಿಳಾಸ ಇದೆ. ಮಹಾಭಾರತಕ್ಕೆ ‘ಜಯ’ ಎಂಬ ಹೆಸರೂ ಇದೆ; ಜ ಎಂಟು, ಯ ಒಂದು, ತಿರುಗಿಸಿದರೆ 18. ಹದಿನೆಂಟು ಪರ್ವ, ಹದಿನೆಂಟು ದಿನದ ಯುದ್ಧ.

‘ಗಣಿತ’ ಹಾಕಿದರೆ 3, 5, 6, ತಿರುಗಿಸಿ 653. ಇದನ್ನು ಭಾಗಿಸಲು ಪ್ರಯತ್ನಿಸಿ. 2, 3, 5, 7, 11, 13, 17, 19, 23, ಯಾವುದಕ್ಕೂ ಬಗ್ಗುವುದಿಲ್ಲ. 29ರ ವರ್ಗ 841, ಹಾಗಾಗಿ ಮುಂದೆ ನೋಡಬೇಕಿಲ್ಲ. ಗಣಿತ ಅವಿಭಾಜ್ಯ! ‘ಕನ್ನಡ’ ಮಾತ್ರ 301, ಏಳರಿಂದ ಭಾಗವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ‘ವಿಪುಲ’ ಹಾಕಿ. ವ ನಾಲ್ಕು, ಪ ಒಂದು, ಲ ಮೂರು, ತಿರುಗಿಸಿದರೆ 314, ಪೈಯ ಮೊದಲ ಮೂರು ಅಂಕಿ. ಎಂದಿಗೂ ಮುಗಿಯದ ಅಂಕಿಗಳಿಗೆ ಇದಕ್ಕಿಂತ ಒಪ್ಪುವ ಹೆಸರು ಉಂಟೇ? ‘ಗೋಪೀಭಾಗ್ಯ ಮಧುವ್ರಾತ’ ಎಂಬ ಶ್ಲೋಕದಲ್ಲಿ ಪೈ ಅಡಗಿದೆ ಎಂಬುದು ನಿಮಗೂ ಸಂದೇಶವಾಗಿ ಬಂದಿರಬಹುದು. ಅಡಗಿದೆ, 31415926 ಸರಿಯಾಗಿಯೇ ಬರುತ್ತದೆ. ಆದರೆ ಅದನ್ನು ಎಡದಿಂದ ಬಲಕ್ಕೆ ಓದಬೇಕು, ಹಳೆಯ ನಿಯಮಕ್ಕೆ ತಿರುಗುಮುರುಗು. ‘ಸಾವಿರಾರು ವರ್ಷದ ಹಿಂದೆಯೇ’ ಎಂದು ಮುಂದಿನ ಸಾಲು ಸೇರಿಸುವ ಮುಂಚೆ ಅಷ್ಟನ್ನಾದರೂ ಗಮನಿಸಿ.

1729ಕ್ಕೂ ಒಂದು ಪದ ಹುಡುಕಿದ್ದೇನೆ. 9, 2, 7, 1 ಬರಬೇಕು. ಧ, ರ, ಸ, ಕ. ‘ಧೀರ, ಸಾಕು!’ ಪ್ರತಿ ವರ್ಷ ಇದೇ ಟ್ಯಾಕ್ಸಿಯ ಕಥೆ ಕೇಳಿದವರೆಲ್ಲ ಭಾಷಣಕಾರನಿಗೆ ಹೇಳಬೇಕೆಂದಿರುವ ಮಾತೂ ಅದೇ.

ಆ ಮಾತು ನನಗೂ ಅನ್ವಯಿಸುವ ಮುಂಚೆ ಒಂದೇ ಒಂದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಎಂದರೆ ನಿಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ದೊರೆಯ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಗುಣಾಕಾರದ ಲೆಕ್ಕ ಕೊಡುವಾಗ ಆತ ಸುಮ್ಮನೆ ಸಂಖ್ಯೆ ಕೊಡುವುದಿಲ್ಲ. ಉತ್ತರ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಕೊರಳ ಹಾರದ ಹಾಗೆ ಕಾಣುವಂಥವನ್ನು ಆರಿಸಿ ಕೊಡುತ್ತಾನೆ. 139 × 109 = 15151. 152207 × 73 = 11111111. ಅವುಗಳಲ್ಲಿ ನನ್ನ ಮೆಚ್ಚಿನದು 27994681 × 441. ಉತ್ತರ 12345654321. ಏರಿ ಇಳಿಯುವ ಸರ, ನಡುವೆ ಆರು ಪದಕದ ಹಾಗೆ. ಇದನ್ನು ಹೇಗೆ ಕಂಡುಹಿಡಿದಿರಬಹುದು? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21 × 5291 = 111111. ಆರು ಒಂದುಗಳನ್ನು ಸಾಲಾಗಿ ಇಟ್ಟು ವರ್ಗ ಮಾಡಿದ ಸರವಿದು. ಮಳಖೇಡದ ಆಚೀಚೆ ಎಲ್ಲೋ ಕುಳಿತು, ಮಗ್ಗಿ ಕಲಿಯುವ ಹುಡುಗನಿಗೆ ಬೇಸರವಾಗದಿರಲಿ ಎಂದು ಒಬ್ಬ ಮೇಷ್ಟ್ರು ಇಷ್ಟು ಒದ್ದಾಡಿದ್ದ ಎಂದುಕೊಂಡರೆ ನನಗೆ ಖುಷಿಯಾಗುತ್ತದೆ.

ಪ್ರಶ್ನೆಗಳ ಹೊತ್ತಿನಲ್ಲಿ ಬೇರೆ ಭಾಷೆಗಳ ಮಾತು ಬಂತು. ಹಿಂದಿಯಲ್ಲಿ ‘ಏಕ್’ ಬರೆಯಲು ಎರಡು ಅಕ್ಷರ, ‘ದೋ’ ಬರೆಯಲು ಒಂದು. ಅಲ್ಲಿ ತೂಗುವುದು ಒಂದು ಮತ್ತು ಎರಡು. ತೆಲುಗಿನ ‘ರೆಂಡು’ವಿಗೆ ಎರಡೇ ಅಕ್ಷರ, ಹಾಗಾಗಿ ತೆಲುಗು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಎರಡಿಗೆ ಮುಂದೆ ಒಂದು ‘ಎ’ ಉಳಿದುಕೊಂಡದ್ದರಿಂದ ಇಷ್ಟೆಲ್ಲ ಆಟ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ವೇದಿಕೆಯ ಹತ್ತಿರ ಬಂದಳು. ‘ಸರ್, ನಮ್ಮ ಮನೆಯಲ್ಲಿ ತುಳು. ಒಂಜಿ, ರಡ್ಡ್, ಮೂಜಿ. ರಡ್ಡ್ ಎಂಬಲ್ಲಿ ಎರಡೇ ಅಕ್ಷರ. ನಮ್ಮದೂ ನಿಲ್ಲುತ್ತದೆ.’ ಪಕ್ಕದಲ್ಲಿದ್ದ ಹುಡುಗ ಬಿಡಲಿಲ್ಲ. ಕೊನೆಯ ‘ಡ್ಡ್’ನಲ್ಲಿ ಸ್ವರವೇ ಇಲ್ಲ, ಸ್ವರವಿಲ್ಲದ್ದನ್ನು ಅಕ್ಷರ ಎಂದು ಹೇಗೆ ಎಣಿಸುತ್ತೀ ಎಂದ. ಸ್ವರ ಇದೆ, ಹೇಳುವಾಗ ಅರ್ಧ ಕೇಳಿಸುತ್ತದೆ, ಬರೆಯಲು ನಿಮಗೆ ಬರುವುದಿಲ್ಲ ಅಷ್ಟೇ ಎಂದಳು ಅವಳು. ಹಾಗಾದರೆ ಒಂದೂವರೆ ಅಕ್ಷರ ಎಂದ ಅವನು. ಒಂದೂವರೆಯನ್ನು ತುಳುವಿನಲ್ಲಿ ಬರೆದು ಎಣಿಸಲು ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತರು. ಅಷ್ಟರಲ್ಲಿ ನನ್ನ ಬಸ್ಸು ಬಂತು, ಹತ್ತಿದೆ.